ರೊಟೊರುವದಲ್ಲಿ ಒಂದೇ ದಿನ: ವಯಸ್ಸಾದವರಿಗೆ ಆಯಾಸವಾಗದಂತೆ ಏನನ್ನು ತೋರಿಸಬಹುದು?

ವರದಾತೀರ
ಎಲ್ಲರಿಗೂ ನಮಸ್ಕಾರ. ಸಾಗರದಿಂದ ನನ್ನ ಅಪ್ಪ ಅಮ್ಮ ಆಕ್ಲೆಂಡಿಗೆ ಬಂದಿದ್ದಾರೆ. ಜೂನ್ ಕೊನೆಯ ವಾರದಲ್ಲಿ ಅವರನ್ನು ಇಲ್ಲಿ ನ್ಯೂಜಿಲೆಂಡಿನಲ್ಲೇ ಇರುವ, ಬಿಸಿನೀರಿನ ಬುಗ್ಗೆಗಳ ಊರಾದ ರೊಟೊರುವಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಹಿಂದಿನ ದಿನ ಸಂಜೆ ಅಲ್ಲಿಗೆ ತಲುಪಿ, ಮರುದಿನ ಪೂರ್ತಿ ನೋಡಿ, ಅದರ ಮಾರನೆಯ ದಿನ ವಾಪಸು ಹೊರಡುವುದು. ಅಪ್ಪನಿಗೆ ಎಪ್ಪತ್ತು ದಾಟಿದೆ, ಎರಡೂ ಮಂಡಿಗಳು ಸವೆದಿವೆ. ಸಮತಟ್ಟಾದ ನೆಲದಲ್ಲಿ ಅರ್ಧ ಗಂಟೆ ನಡೆಯಬಲ್ಲರು, ಮೆಟ್ಟಿಲು ಕಂಡರೆ ನಿಂತುಬಿಡುತ್ತಾರೆ. ಅಮ್ಮನಿಗೆ ರಕ್ತದೊತ್ತಡವಿದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ನಡಿಗೆಯಲ್ಲಿ ಮಾತ್ರ ನಮ್ಮೆಲ್ಲರಿಗಿಂತ ಮುಂದೆ.

ನಮ್ಮ ಮನೆಯವರು ಮಾಡಿರುವ ಪಟ್ಟಿಯಲ್ಲಿ ವೈಓಟಾಪು, ತೆ ಪುಯಾ, ಹೆಲ್ಸ್ ಗೇಟ್ ಎಂಬ ಬಿಸಿನೀರಿನ ತಾಣಗಳು, ರೆಡ್‌ವುಡ್ ಕಾಡು, ಗೊಂಡೋಲಾ ಎಂಬ ತಂತಿ ಗಾಡಿ, ರಾತ್ರಿ ನೆಲದ ಗುಂಡಿಯಲ್ಲಿ ಬೇಯಿಸಿದ ಹಾಂಗಿ ಊಟ ಎಲ್ಲವೂ ಇವೆ. ಓದುವಾಗಲೇ ನನಗೆ ಸುಸ್ತಾಯಿತು. ಅಪ್ಪ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಮೇಷ್ಟ್ರು. ಜ್ವಾಲಾಮುಖಿಯ ಅಡ್ಡಸೀಳಿಕೆಯ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು ಬರೆದು ನಿವೃತ್ತರಾದವರಿಗೆ, ನೆಲದೊಳಗಿಂದ ಹಬೆ ಏಳುವುದನ್ನು ಕಣ್ಣಾರೆ ತೋರಿಸಬೇಕೆಂಬುದು ನನ್ನ ಆಸೆ. ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಹ್ಯಾಮಿಲ್ಟನ್ ಹಳಬ
ಮೊದಲು ಆ ಪಟ್ಟಿಯನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳಲು ನಿಮ್ಮ ಮನೆಯವರಿಗೆ ಹೇಳಿ. ಜೂನ್ ಕೊನೆಯೆಂದರೆ ಅಲ್ಲಿ ಚಳಿಗಾಲ, ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಬೆಳಗ್ಗೆ ಮರದ ಹಲಗೆಯ ದಾರಿಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಜಾರುತ್ತದೆ. ಆದ್ದರಿಂದ ಹಿರಿಯರೊಂದಿಗೆ ಹೊರಗೆ ಓಡಾಡಲು ನಿಮಗೆ ನಿಜವಾಗಿ ಸಿಗುವುದು ಒಂಬತ್ತೂವರೆಯಿಂದ ನಾಲ್ಕೂವರೆಯವರೆಗಿನ ಸಮಯ. ಅದರಲ್ಲಿ ಹಣ ಕೊಟ್ಟು ನೋಡುವ ಜಾಗ ಒಂದೇ ಇರಲಿ, ಉಳಿದದ್ದು ಕೆರೆಯ ದಂಡೆ ಮತ್ತು ಒಂದು ಬಿಸಿನೀರಿನ ಸ್ನಾನ.

ಆ ಒಂದು ಜಾಗ ಯಾವುದೆಂದು ಕೇಳಿದರೆ, ಫಕರೆವರೆವ ಎಂದು ನಾನು ಹೇಳುತ್ತೇನೆ. ಊರಿನ ಮಧ್ಯದಿಂದ ಕಾರಿನಲ್ಲಿ ಕೆಲವೇ ನಿಮಿಷಗಳ ದಾರಿ. ಅಲ್ಲಿ ಅಕ್ಕಪಕ್ಕ ಎರಡು ಪ್ರವೇಶಗಳಿವೆ. ಒಂದು ತೆ ಪುಯಾ, ಬಿಸಿನೀರು ಆಗಾಗ ಮೇಲಕ್ಕೆ ಚಿಮ್ಮುವ ಪೊಹುಟು ಎಂಬ ದೊಡ್ಡ ಚಿಲುಮೆ ಇರುವುದು ಅದರೊಳಗೆ. ಇನ್ನೊಂದು ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನ ಇಂದಿಗೂ ಮನೆ ಮಾಡಿಕೊಂಡು ವಾಸಿಸುತ್ತಿರುವ ಹಳ್ಳಿ.

ಉಚಿತಾರ್ಥಿ
ಕುಯಿರಾವು ಪಾರ್ಕ್ ಇರುವಾಗ ಹಣ ಏಕೆ ಕೊಡಬೇಕು? ಕುದಿಯುವ ಕೆಸರು, ಹಬೆ, ಕಾಲು ಅದ್ದಿಕೊಂಡು ಕೂರಲು ಬಿಸಿನೀರಿನ ತೊಟ್ಟಿ ಎಲ್ಲವೂ ಊರೊಳಗೇ ಇವೆ, ಪೂರ್ತಿ ಉಚಿತ.

ಶಿಲೆ ಮತ್ತು ಸೆಲೆ
ಹ್ಯಾಮಿಲ್ಟನ್ ಹಳಬರ ಮಾತಿಗೆ ನನ್ನ ವಿರೋಧವಿದೆ. ಭೂಗೋಳದ ಮೇಷ್ಟ್ರನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಗಿ ವೈಓಟಾಪು ತೋರಿಸದೆ ಬರುವುದು ಅನ್ಯಾಯ. ರೊಟೊರುವದಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರವಿದೆ, ಅರ್ಧ ಗಂಟೆಯ ದಾರಿ. ಅಲ್ಲಿನ ಷಾಂಪೇನ್ ಕೊಳ ಸುಮಾರು 65 ಮೀಟರ್ ಅಗಲವಿದೆ. ಸುಮಾರು 900 ವರ್ಷಗಳ ಹಿಂದೆ ನೆಲದಡಿಯ ನೀರು ಉಗಿಯಾಗಿ ಸಿಡಿದು ಉಂಟಾದ ಹಳ್ಳ ಅದು. ಮೇಲ್ಮೈಯಲ್ಲಿ ನೀರು 74 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಂಚಿನಲ್ಲಿ ಕುಂಕುಮಕೇಸರಿ ಬಣ್ಣದ ಒಂದು ಪಟ್ಟಿ ಕೊಳದ ಸುತ್ತ ಹಬ್ಬಿರುತ್ತದೆ. ಆರ್ಸೆನಿಕ್ ಮತ್ತು ಆಂಟಿಮನಿ ಗಂಧಕದೊಂದಿಗೆ ಸೇರಿ ನೀರಿನಿಂದ ಬೇರ್ಪಟ್ಟು ಅಲ್ಲಿ ಕೂರುವುದರಿಂದ ಆ ಬಣ್ಣ. ಮೇಲೆ ಬರುವ ಗುಳ್ಳೆಗಳು ಕುದಿತದವಲ್ಲ, ಇಂಗಾಲದ ಡೈಆಕ್ಸೈಡ್ ಅನಿಲದವು. ಚಳಿಗಾಲದ ಬೆಳಗ್ಗೆ ಗಾಳಿ ಬೀಸಿದಾಗ ಹಬೆ ಒಂದು ಕ್ಷಣ ಸರಿದು ಆ ಕೇಸರಿ ಅಂಚು ಕಾಣಿಸಿಕೊಂಡು ಮತ್ತೆ ಮುಚ್ಚಿಹೋಗುತ್ತದೆ, ಕನ್ನಡಕ ಹಾಕಿದವರು ಒರೆಸಿಕೊಂಡು ಒರೆಸಿಕೊಂಡು ನೋಡಬೇಕಾಗುತ್ತದೆ. ಇದಕ್ಕೆ ಸಮನಾದದ್ದು ಊರೊಳಗೆ ಇಲ್ಲ.

ಪೂರ್ತಿ ಸುತ್ತು ಬಂದರೆ ಸುಮಾರು 3 ಕಿ.ಮೀ. ಆಗುತ್ತದೆ, ಒಂದೂಕಾಲು ಗಂಟೆ ಬೇಕು. ಆದರೆ ಮೊದಲ ಚಿಕ್ಕ ಸುತ್ತನ್ನಷ್ಟೇ ಮಾಡಿ ಹಿಂತಿರುಗಬಹುದು.

ಹ್ಯಾಮಿಲ್ಟನ್ ಹಳಬ
ಚಿಕ್ಕ ಸುತ್ತಿನಲ್ಲಿಯೂ ಏರಿಳಿತಗಳಿವೆ ಎಂಬುದನ್ನು ಹೇಳಲು ತಾವು ಮರೆತಿರಿ.

ಸೋಪಿನ ಸಾಕ್ಷಿ
ವೈಓಟಾಪುವಿನ ಟಿಕೆಟಿನಲ್ಲಿ ಲೇಡಿ ನಾಕ್ಸ್ ಚಿಲುಮೆಯೂ ಸೇರಿರುತ್ತದೆ. ದಿನವೂ ಬೆಳಗ್ಗೆ 10:15ಕ್ಕೆ ಸರಿಯಾಗಿ ಅದು ಚಿಮ್ಮುತ್ತದೆ ಎಂದು ಕೇಳಿ ನಮ್ಮ ಮಾವನವರು ಪ್ರಕೃತಿಯ ಸಮಯಪಾಲನೆಗೆ ಬೆರಗಾಗಿ ಕುಳಿತಿದ್ದರು. ಅಷ್ಟರಲ್ಲಿ ಒಬ್ಬ ಮನುಷ್ಯ ಬಂದು ಚಿಲುಮೆಯ ಬಾಯಿಗೆ ಸೋಪಿನ ಪುಡಿ ಸುರಿದ! ಮಾವನವರು ಇಂದಿಗೂ ಅದನ್ನು ನಾಟಕವೆಂದೇ ಕರೆಯುತ್ತಾರೆ. ಗಡಿಯಾರ ನೋಡಿ ಚಿಮ್ಮಿಸುವ ಕಾರಂಜಿಯನ್ನು ನೋಡಲು ಅಷ್ಟು ದೂರ ಹೋಗಬೇಕೆ?

ಶಿಲೆ ಮತ್ತು ಸೆಲೆ
ನಾಟಕ ಎಂದು ತಳ್ಳಿಹಾಕುವ ಮೊದಲು ಅದು ಹೇಗೆ ನಡೆಯುತ್ತದೆಂದು ನೋಡಿ. ಚಿಲುಮೆಯ ಕೊಳವೆಯಲ್ಲಿ ಮೇಲಿನ ನೀರು ತಣ್ಣಗಿದ್ದು ಕೆಳಗಿನದನ್ನು ಅದುಮಿ ಹಿಡಿದಿರುತ್ತದೆ; ಆ ಒತ್ತಡದಿಂದಾಗಿ ಕೆಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾದಿರುತ್ತದೆ. ಸೋಪು ನೀರಿನ ಮೇಲ್ಮೈ ಎಳೆತವನ್ನು ಕಡಿಮೆ ಮಾಡಿದಾಗ ಎರಡೂ ಪದರಗಳು ಬೆರೆತು, ಕೆಳಗಿನ ನೀರು ಒಮ್ಮೆಗೇ ಉಗಿಯಾಗಿ ಮೇಲೇಳುತ್ತದೆ. ಇದನ್ನು ಕಂಡುಹಿಡಿದವರು ವಿಜ್ಞಾನಿಗಳಲ್ಲ, ಅಲ್ಲಿ ಮರ ನೆಡಲು ತಂದಿದ್ದ ಕೈದಿಗಳು. 1901ರಲ್ಲಿ ಆ ಬಿಸಿನೀರಿನಲ್ಲಿ ಬಟ್ಟೆ ಒಗೆಯಲು ಹೋಗಿ ಸೋಪು ಹಾಕಿದಾಗ ನೀರು ಆಕಾಶಕ್ಕೆ ಚಿಮ್ಮಿತು ಎನ್ನುತ್ತಾರೆ. ಸೋಪು ಹಾಕದಿದ್ದರೂ ಅದು ಚಿಮ್ಮುತ್ತದೆ, ಆದರೆ ಯಾವಾಗ ಎಂದು ಯಾರೂ ಹೇಳಲಾರರು. ಹಿರಿಯರನ್ನು ಚಳಿಯಲ್ಲಿ ಗಂಟೆಗಟ್ಟಲೆ ಕಾಯಿಸುವುದಕ್ಕಿಂತ ಸೋಪು ಒಳ್ಳೆಯದಲ್ಲವೆ? ಅಲ್ಲಿ ಕೂರಲು ಸಾಲು ಸಾಲಾಗಿ ಬೆಂಚುಗಳೂ ಇವೆ.

ನಿಧಾನಿ
ಬೆಂಚಿದೆ, ನಿಜ. ಆದರೆ ಚಿಲುಮೆ ಇರುವುದು ಮುಖ್ಯ ಉದ್ಯಾನದೊಳಗಲ್ಲ, ಸ್ವಲ್ಪ ದೂರದಲ್ಲಿ. ಮೊದಲು ಟಿಕೆಟಿನ ಜಾಗಕ್ಕೆ ಹೋಗಿ, ಮತ್ತೆ ಕಾರು ಹತ್ತಿ, ಚಿಲುಮೆ ನೋಡಿ, ನೂರಾರು ಜನರೊಂದಿಗೆ ಒಟ್ಟಿಗೇ ಎದ್ದು ಕಾರು ತೆಗೆದು, ಮತ್ತೆ ಉದ್ಯಾನಕ್ಕೆ ಬರಬೇಕು. ಮಂಡಿ ನೋವಿನವರಿಗೆ ನಡಿಗೆಗಿಂತ ಹೆಚ್ಚು ಕಷ್ಟವಾಗುವುದು ಈ ಹತ್ತು ಇಳಿ, ಹತ್ತು ಇಳಿ.

ತರವೇರಾ ಪ್ರೇಮಿ
ಎಲ್ಲರೂ ವೈಮಾಂಗು ಕಣಿವೆಯನ್ನು ಮರೆತಿರುವುದು ಆಶ್ಚರ್ಯ. ಭೂಗೋಳದ ಮೇಷ್ಟ್ರಿಗೆ ಅದೇ ಸರಿಯಾದ ಜಾಗ, ಏಕೆಂದರೆ ಆ ಕಣಿವೆಗೆ ಹುಟ್ಟಿದ ದಿನಾಂಕವಿದೆ. 1886ರ ಜೂನ್ 10ರ ನಸುಕಿನಲ್ಲಿ ತರವೇರಾ ಬೆಟ್ಟ ಸೀಳಿಕೊಂಡು, ಸುಮಾರು 17 ಕಿ.ಮೀ. ಉದ್ದದ ಬಿರುಕು ಬಿದ್ದಿತು. ಸುಮಾರು 120 ಜನ ಸತ್ತರು. ಜಗತ್ತಿನ ಮೂಲೆಮೂಲೆಗಳಿಂದ ಪ್ರವಾಸಿಗರನ್ನು ಸೆಳೆಯುತ್ತಿದ್ದ ಗುಲಾಬಿ ಮತ್ತು ಬಿಳಿ ಬಣ್ಣದ ಸಿಲಿಕಾ ಜಗಲಿಗಳು ಆ ರಾತ್ರಿಯೇ ಕಣ್ಮರೆಯಾದವು. ಆ ಜಗಲಿಗಳಿಗೆ ಜನರನ್ನು ಕರೆದೊಯ್ಯುತ್ತಿದ್ದ ಮಾರ್ಗದರ್ಶಿ ಸೋಫಿಯಾ ಹಿನೆರಂಗಿಯ ಮನೆಯ ಛಾವಣಿ ಇಳಿಜಾರಾಗಿದ್ದು ಗಟ್ಟಿಯಾಗಿದ್ದುದರಿಂದ, ಬೀಳುತ್ತಿದ್ದ ಕೆಸರಿನಿಂದ ಪಾರಾಗಲು ಹಲವರು ಅಲ್ಲಿ ಆಶ್ರಯ ಪಡೆದರು.

ಈಗ ಅಲ್ಲಿರುವ ಬಿಸಿ ಕೆರೆಗಳೆಲ್ಲ ಆ ಸ್ಫೋಟದ ನಂತರದವು. ಇನ್‌ಫರ್ನೋ ಕ್ರೇಟರ್ ಎಂಬ ನೀಲಿ ಕೊಳ ಸುಮಾರು 38 ದಿನಗಳಿಗೊಮ್ಮೆ ತುಂಬಿ ಹರಿದು ಮತ್ತೆ ಕೆಲವು ಮೀಟರುಗಳಷ್ಟು ಕೆಳಗಿಳಿಯುತ್ತದೆ. 1900ರಿಂದ 1904ರವರೆಗೆ ಅಲ್ಲೊಂದು ಚಿಲುಮೆ 400 ಮೀಟರ್ ಎತ್ತರದವರೆಗೂ ಕಪ್ಪು ನೀರು, ಕಲ್ಲು ಎಸೆಯುತ್ತಿತ್ತು. 1903ರಲ್ಲಿ ತೀರ ಹತ್ತಿರ ಹೋದ ನಾಲ್ವರನ್ನು ಬಲಿ ತೆಗೆದುಕೊಂಡಿತು. ಎಲ್ಲಕ್ಕಿಂತ ಮುಖ್ಯವಾದ ಸಂಗತಿ: ದಾರಿ ಪೂರ್ತಿ ಇಳಿಜಾರು. ಕೆಳಗಿನಿಂದ ಮೇಲಕ್ಕೆ ಬಸ್ಸು ಕರೆತರುತ್ತದೆ.

ಮಂಡಿ ವೈದ್ಯೆ
ಇಳಿಜಾರು ಎಂದು ಸಂತೋಷಪಡಬೇಡಿ. ನಾನು ವೃತ್ತಿಯಿಂದ ಫಿಸಿಯೋಥೆರಪಿಸ್ಟ್. ಸವೆದ ಮಂಡಿಗೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ನೋವು ಕೊಡುತ್ತದೆ, ಏಕೆಂದರೆ ಪ್ರತಿ ಹೆಜ್ಜೆಯಲ್ಲೂ ದೇಹದ ಭಾರವನ್ನು ಮಂಡಿಚಿಪ್ಪು ತಡೆದು ನಿಲ್ಲಿಸಬೇಕು. ಹತ್ತುವಾಗ ಉಬ್ಬಸ ಬರಬಹುದು, ಇಳಿಯುವಾಗ ಮಂಡಿಯೇ ಕೈಕೊಡುತ್ತದೆ. ಮೆಟ್ಟಿಲು ಕಂಡರೆ ನಿಂತುಬಿಡುವವರನ್ನು ಒಂದೂವರೆ ಗಂಟೆ ಇಳಿಸುವುದು ಬೇಡ. ಹೋಗಲೇಬೇಕೆಂದಿದ್ದರೆ ಕಣಿವೆಯೊಳಗೆ ಬಸ್ಸು ನಿಲ್ಲುವ ಮೊದಲ ಜಾಗ ಎಲ್ಲಿದೆ, ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂದು ಮೊದಲೇ ಫೋನ್ ಮಾಡಿ ಕೇಳಿ. ಊರುಗೋಲನ್ನು ಮರೆಯಬೇಡಿ, ಮರ್ಯಾದೆಗೆ ಅಂಜಿ ಅದನ್ನು ಕಾರಿನಲ್ಲೇ ಬಿಟ್ಟು ಬರುವ ಅಪ್ಪಂದಿರನ್ನು ನಾನು ನಿತ್ಯವೂ ನೋಡುತ್ತೇನೆ.

ವೆಲ್ಲಿಂಗ್ಟನ್ ವೇಗಿ
ಎಲ್ಲರೂ ಸೇರಿ ಅವರನ್ನು ಗಾಜಿನ ಬೊಂಬೆ ಮಾಡುತ್ತಿದ್ದೀರಿ. ಅವರು ಇಷ್ಟು ದೂರ, ಇಷ್ಟು ಹಣ ಖರ್ಚು ಮಾಡಿಕೊಂಡು ಬಂದಿದ್ದಾರೆ, ಮತ್ತೆ ಬರುತ್ತಾರೋ ಇಲ್ಲವೋ ತಿಳಿಯದು. ನನ್ನ ತಂದೆ ಕಾಲು ನೋವೆಂದು ಗೊಣಗುತ್ತಲೇ ಎಲ್ಲವನ್ನೂ ನೋಡಿದರು, ಊರಿಗೆ ಹೋದ ಮೇಲೆ ಎಲ್ಲರಿಗೂ ಅದನ್ನೇ ವರ್ಣಿಸುತ್ತಾರೆ. ನೋವು ಎರಡು ದಿನದ್ದು, ನೋಡಿದ್ದು ಜೀವಮಾನದ್ದು. ಪಟ್ಟಿ ಸರಿಯಾಗಿಯೇ ಇದೆ.

ಮೈಸೂರು ಅಜ್ಜ
ವೇಗಿ ಅವರೇ, ನಾನು ನಿಮ್ಮ ತಂದೆಯ ಕಡೆಯವನು, ಅಂದರೆ ತೋರಿಸುವವನಲ್ಲ, ತೋರಿಸಿಸಿಕೊಳ್ಳುವವನು. ಮಗ ಸೊಸೆ ಇಬ್ಬರೂ ಪ್ರೀತಿಯಿಂದ ಕರೆದುಕೊಂಡು ಹೋಗಿದ್ದರು. ಬೇಡವೆನ್ನಲು ಮನಸ್ಸು ಬಾರದೆ ಅವರು ಹೇಳಿದಲ್ಲೆಲ್ಲ ಇಳಿದೆ. ಮೂರನೆಯ ಜಾಗದ ಹೊತ್ತಿಗೆ ನಾನು ನೋಡುತ್ತಿದ್ದುದು ಕೆಸರಿನ ಕೊಳವನ್ನಲ್ಲ, ಶೌಚಾಲಯದ ಫಲಕವನ್ನು. ನಮ್ಮ ವಯಸ್ಸಿನವರಿಗೆ ಬೇಕಾದದ್ದು ಗಂಟೆಗೊಂದು ಬೆಂಚು, ಹತ್ತಿರದಲ್ಲಿ ಶೌಚಾಲಯ, ಬಿಸಿ ಕಾಫಿ, ಮತ್ತು ಕಂಡದ್ದನ್ನು ಕುಳಿತು ಮಾತಾಡಲು ಸಮಯ.

ಇಷ್ಟಾಗಿಯೂ ನನಗೆ ಚೆನ್ನಾಗಿ ನೆನಪಿರುವುದು ಕುಯಿರಾವು ಪಾರ್ಕಿನ ಬೇಲಿಯ ಪಕ್ಕದ ಕೆಸರಿನ ಹೊಂಡ. ರಾಗಿ ಅಂಬಲಿ ಕುದಿಯುವಂತೆ ಗುಳ್ಳೆ ನಿಧಾನವಾಗಿ ಉಬ್ಬಿ, ಒಡೆದು, ಸುತ್ತ ಉಂಗುರಗಳನ್ನು ಬಿಟ್ಟು ಮುಳುಗುತ್ತದೆ. ಆ ಉಂಗುರ ಅಳಿಸುವ ಮೊದಲೇ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ಅದನ್ನು ನಾನು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಸೊಸೆ ಬಂದು ಹೊರಡೋಣ ಮಾವ, ಸಮಯವಾಯಿತು ಎಂದಳು.

ಉಚಿತಾರ್ಥಿ
ಅಜ್ಜನವರಿಗೆ ಸಾಷ್ಟಾಂಗ ನಮಸ್ಕಾರ. ನಾನು ಒಂದು ಸಾಲಿನಲ್ಲಿ ಹೇಳಿದ್ದನ್ನೇ ತಾವು ಚೆನ್ನಾಗಿ ಹೇಳಿದಿರಿ.

ಎಚ್ಚರಿಕೆಯ ಗಂಟೆ
ಕುಯಿರಾವು ಪಾರ್ಕಿಗೆ ಹೋಗುವವರು ಬೇಲಿಯ ಒಳಗೆ ಕಾಲಿಡಬಾರದು, ಚಿಕ್ಕ ಮಕ್ಕಳಿದ್ದರೆ ಕೈ ಬಿಡಬಾರದು. 2001ರಲ್ಲಿ ಅದೇ ಉದ್ಯಾನದಲ್ಲಿ ನೆಲ ಸಿಡಿದು ಕೆಸರು ಮತ್ತು ಕಲ್ಲುಗಳು ಸುಮಾರು 100 ಮೀಟರ್ ಎತ್ತರಕ್ಕೆ ಹಾರಿದ್ದವು. ಅಲ್ಲಿನ ನೆಲ ನೋಡಲು ಹುಲ್ಲುಹಾಸಿನಂತಿದ್ದರೂ ಅಡಿಯಲ್ಲಿ ಟೊಳ್ಳಿರಬಹುದು. ಕಾರಿನೊಳಗೆ ಬ್ಯಾಗುಗಳು ಕಾಣುವಂತೆ ಇಡುವುದೂ ಬೇಡ.

ವರದಾತೀರ
ಇಷ್ಟು ಬೇಗ ಇಷ್ಟು ಉತ್ತರಗಳು ಬರುತ್ತವೆಂದು ಎಣಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಎಚ್ಚರಿಕೆಯ ಗಂಟೆಯವರ ಮಾತು ಓದಿ ಅಮ್ಮ ಗಾಬರಿಯಾಗಿದ್ದಾರೆ. ಕೆಲವು ವರ್ಷಗಳ ಹಿಂದೆ ನ್ಯೂಜಿಲೆಂಡಿನಲ್ಲಿ ಜ್ವಾಲಾಮುಖಿ ಸಿಡಿದು ಪ್ರವಾಸಿಗರು ಸತ್ತ ಸುದ್ದಿ ಅವರಿಗೆ ನೆನಪಿದೆ. ಅದು ಇದೇ ಊರೇ ಎಂದು ಕೇಳುತ್ತಿದ್ದಾರೆ.

ಶಿಲೆ ಮತ್ತು ಸೆಲೆ
ಅದು ಫಕಾರಿ ದ್ವೀಪ, 2019ರ ಡಿಸೆಂಬರ್ 9ರಂದು ನಡೆದದ್ದು. ದಂಡೆಯಿಂದ ಸುಮಾರು 48 ಕಿ.ಮೀ. ದೂರ ಸಮುದ್ರದಲ್ಲಿರುವ, ಉಸಿರಾಡುತ್ತಲೇ ಇರುವ ಜ್ವಾಲಾಮುಖಿಯ ಬಾಯೊಳಗೇ 47 ಜನ ನಿಂತಿದ್ದಾಗ ಅದು ಸಿಡಿಯಿತು, 22 ಜನ ತೀರಿಕೊಂಡರು. ರೊಟೊರುವದ್ದು ಬೇರೆ ಸ್ಥಿತಿ. ಅಲ್ಲಿ ನೀವು ನೋಡುವುದು ಲಾವಾ ಅಲ್ಲ, ಬಿಸಿನೀರು ಮತ್ತು ಉಗಿ.

ನಿಮ್ಮ ತಂದೆ ಖಂಡಿತ ಜ್ವಾಲಾಮುಖಿ ಎಲ್ಲಿದೆ ಎಂದು ಕೇಳುತ್ತಾರೆ, ಏಕೆಂದರೆ ಕರಿಹಲಗೆಯ ಮೇಲೆ ಬರೆದ ಶಂಕುವಿನಾಕಾರದ ಬೆಟ್ಟ ಅಲ್ಲಿ ಕಾಣುವುದಿಲ್ಲ. ಅವರನ್ನು ಕೆರೆಯ ದಂಡೆಯಲ್ಲಿ ನಿಲ್ಲಿಸಿ, ನಾವು ಅದರೊಳಗೇ ಇದ್ದೇವೆ ಎಂದು ಹೇಳಿ. ಸುಮಾರು 2,40,000 ವರ್ಷಗಳ ಹಿಂದೆ ಒಂದು ಮಹಾಸ್ಫೋಟದಲ್ಲಿ ಅಡಿಯ ಶಿಲಾರಸ ಹೊರಬಂದು, ಮೇಲಿನ ನೆಲ ಕುಸಿದು ಉಂಟಾದ ಬೋಗುಣಿಯಲ್ಲಿ ರೊಟೊರುವ ಕೆರೆಯೂ ಊರೂ ಎರಡೂ ಇವೆ. ಕೆರೆಯ ನಡುವಿನ ಮೊಕೊಯಿಯಾ ದ್ವೀಪ ಆಮೇಲೆ ಉಕ್ಕಿ ಬಂದ ಲಾವಾದ ಗುಮ್ಮಟ. ಪೆಸಿಫಿಕ್ ಭೂಫಲಕವು ನ್ಯೂಜಿಲೆಂಡಿನ ಉತ್ತರ ದ್ವೀಪದ ಪೂರ್ವ ಅಂಚಿನಲ್ಲಿ ಅದರ ಕೆಳಗೆ ಜಾರುತ್ತಿರುವುದು ಮತ್ತು ಈ ಊರಿರುವ ಟೌಪೊ ಜ್ವಾಲಾಮುಖಿ ವಲಯದಲ್ಲಿ ಭೂಮಿಯ ಚಿಪ್ಪು ಹಿಗ್ಗಿ ತೆಳುವಾಗುತ್ತಿರುವುದು ಇದಕ್ಕೆಲ್ಲ ಮೂಲ. ಇಷ್ಟು ಹೇಳಿದರೆ ಸಾಕು, ಉಳಿದ ಪಾಠವನ್ನು ಅವರೇ ಮಾಡುತ್ತಾರೆ.

ಪುತ್ತೂರಿನವ
ಬಿಸಿನೀರಿನ ಬುಗ್ಗೆ ನೋಡಲು ಅಷ್ಟು ದೂರ ಏಕೆ, ನಮ್ಮ ಪುತ್ತೂರಿನ ಹತ್ತಿರ ಇರ್ದೆಯಲ್ಲಿ ಬೆಂದ್ರ್ ತೀರ್ಥವಿದೆ.

ಶಿಲೆ ಮತ್ತು ಸೆಲೆ
ಬೆಂದ್ರ್ ತೀರ್ಥಕ್ಕೂ ಜ್ವಾಲಾಮುಖಿಗೂ ಸಂಬಂಧವಿಲ್ಲ. ಶಿಲೆಯ ಬಿರುಕುಗಳಲ್ಲಿ ಆಳಕ್ಕೆ ಇಳಿದ ನೀರು ಭೂಮಿಯ ಸಹಜ ಶಾಖದಿಂದ ಬೆಚ್ಚಗಾಗಿ ಮೇಲೆ ಬರುತ್ತದೆ, ಅದಕ್ಕೇ ಅದು ಸ್ನಾನಕ್ಕೆ ಹಿತವಾಗಿರುತ್ತದೆ. ವೈಓಟಾಪುವಿನ ನೀರನ್ನು ಮುಟ್ಟಿದರೆ ಕೈ ಬೆಂದುಹೋಗುತ್ತದೆ.

ಅತ್ತಿಗೆಯ ತಂಗಿ
ಮುಟ್ಟುವ ಮಾತು ಬಂದಿದ್ದು ಒಳ್ಳೆಯದಾಯಿತು. ನಮ್ಮ ಹಿರಿಯರಿಗೆ ನೆಲದಿಂದ ಉಕ್ಕುವ ನೀರು ಕಂಡ ಕೂಡಲೆ ಬಗ್ಗಿ, ಬೊಗಸೆಯಲ್ಲಿ ತೆಗೆದು ತಲೆಗೆ ಪ್ರೋಕ್ಷಿಸಿಕೊಳ್ಳುವ ಅಭ್ಯಾಸವಿದೆ. ನಮ್ಮ ಅತ್ತೆ ಹಾಗೆಯೇ ಬಗ್ಗಿದರು. ಪಕ್ಕದಲ್ಲಿದ್ದವರು ಸೆರಗು ಹಿಡಿದು ಎಳೆದದ್ದರಿಂದ ಬಚಾವಾದರು. ಹೋಗುವ ಮೊದಲೇ ಕಾರಿನಲ್ಲಿ ಕೂರಿಸಿ ಹೇಳಿಬಿಡಿ: ಕೈ ಮುಗಿಯಬಹುದು, ಮುಟ್ಟಬಾರದು, ಅರಿಶಿನ ಕುಂಕುಮ ಹಾಕಬಾರದು, ನಾಣ್ಯ ಎಸೆಯಬಾರದು.

ಹ್ಯಾಮಿಲ್ಟನ್ ಹಳಬ
ನಾಣ್ಯದ ವಿಷಯದಲ್ಲಿ ಸಣ್ಣದೊಂದು ತಿದ್ದುಪಡಿ. ಬಿಸಿ ಕೊಳಗಳಿಗೆ ಏನನ್ನೂ ಎಸೆಯಬಾರದೆಂಬುದು ಸರಿ. ಆದರೆ ಫಕರೆವರೆವ ಹಳ್ಳಿಯ ಬಾಗಿಲಲ್ಲೇ ಇರುವ ಸೇತುವೆಯ ಕೆಳಗೆ, ಹೊಳೆಯಲ್ಲಿ, ಹಳ್ಳಿಯ ಮಕ್ಕಳು ನಿಂತು ನಾಣ್ಯ ಎಸೆಯಿರೆಂದು ಪ್ರವಾಸಿಗರನ್ನು ಕರೆದು, ಮುಳುಗಿ ಹೆಕ್ಕುತ್ತಾರೆ. ತಲೆತಲಾಂತರದಿಂದ ನಡೆದು ಬಂದ ಆಟ ಅದು. ಚಿಲ್ಲರೆ ಇಟ್ಟುಕೊಂಡು ಹೋಗಿ.

ಇನ್ನು ಆ ಹಳ್ಳಿಯನ್ನೇ ನಾನು ಮೊದಲು ಸೂಚಿಸಿದ್ದಕ್ಕೆ ಕಾರಣ ಹೇಳುತ್ತೇನೆ. ಅಲ್ಲಿ ಮನೆಮಗಳೋ ಮನೆಮಗನೋ ನಿಮ್ಮನ್ನು ಸುತ್ತಿಸಿ ತೋರಿಸುತ್ತಾರೆ. ಕುದಿಯುವ ಕೊಳದಲ್ಲಿ ಜೋಳದ ತೆನೆಗಳನ್ನು ಚೀಲದಲ್ಲಿ ಇಳಿಬಿಟ್ಟು ಬೇಯಿಸುತ್ತಾರೆ, ನೆಲದ ಹಬೆಯ ಮೇಲಿಟ್ಟ ಮರದ ಪೆಟ್ಟಿಗೆಯಲ್ಲಿ ಅಡುಗೆ ಮಾಡುತ್ತಾರೆ. ನೆಲ ಬಿಸಿಯಾಗಿರುವುದರಿಂದ ಸಮಾಧಿಗಳನ್ನು ಅಗೆಯದೆ ನೆಲದ ಮೇಲೆಯೇ ಕಟ್ಟಿದ್ದಾರೆ. ಪೊಹುಟು ಚಿಮ್ಮುವುದು ಆಚೆಯ ತೆ ಪುಯಾ ಜಾಗದಲ್ಲಾದರೂ ಹಳ್ಳಿಯ ಕಟ್ಟೆಯಿಂದಲೂ ಕಾಣುತ್ತದೆ. ದಿನಕ್ಕೆ 20 ಸಲದವರೆಗೆ, 30 ಮೀಟರ್ ಎತ್ತರದವರೆಗೆ ಚಿಮ್ಮುತ್ತದೆ, ಸೋಪಿನ ಹಂಗಿಲ್ಲದೆ. ಪಕ್ಕದ ಪ್ರಿನ್ಸ್ ಆಫ್ ವೇಲ್ಸ್ ಫೆದರ್ಸ್ ಚಿಲುಮೆ ಎದ್ದಿತೆಂದರೆ ಪೊಹುಟು ಹತ್ತಿರ ಬಂತೆಂದು ತಿಳಿಯಿರಿ.

ಸೋಪಿನ ಸಾಕ್ಷಿ
ದೂರದಿಂದ ಕಾಣುವುದಕ್ಕೂ ಹತ್ತಿರದಿಂದ ನೋಡುವುದಕ್ಕೂ ವ್ಯತ್ಯಾಸವಿದೆ. ತೆ ಪುಯಾದ ದಾರಿಗಳು ಅಗಲವಾಗಿವೆ, ಗಾಲಿಕುರ್ಚಿಗೂ ಅನುಕೂಲವಿದೆ, ಜೊತೆಗೆ ಮರದ ಕೆತ್ತನೆ ಮತ್ತು ನೇಯ್ಗೆ ಕಲಿಸುವ ಶಾಲೆಯಿದೆ. ಚಿಲುಮೆಯ ಎದುರಿನ ಬಂಡೆಗಳು ಬೆಚ್ಚಗಿರುತ್ತವೆ. ಚಳಿಯಲ್ಲಿ ಅದರ ಮೇಲೆ ಕುಳಿತ ಸುಖವನ್ನು ನಮ್ಮ ಮಾವನವರೂ ಒಪ್ಪಿಕೊಂಡಿದ್ದಾರೆ.

ತರವೇರಾ ಪ್ರೇಮಿ
ಪೊಹುಟು ಇಂದು ಚಿಮ್ಮುತ್ತಿರುವುದರ ಹಿಂದೆಯೂ ಒಂದು ಜಗಳದ ಕಥೆಯಿದೆ. ಊರಿನವರು ಮನೆ, ಹೋಟೆಲುಗಳನ್ನು ಬೆಚ್ಚಗಿಡಲು ಎಲ್ಲೆಂದರಲ್ಲಿ ಕೊಳವೆಬಾವಿ ಕೊರೆದು ಬಿಸಿನೀರು ಎಳೆದುದರಿಂದ ಚಿಲುಮೆಗಳು ಸೊರಗತೊಡಗಿದವು. ಕೊನೆಗೆ 1986-87ರಲ್ಲಿ ಸರ್ಕಾರ ಪೊಹುಟುವಿನಿಂದ ಒಂದೂವರೆ ಕಿ.ಮೀ. ಒಳಗಿನ ಕೊಳವೆಬಾವಿಗಳನ್ನು ಮುಚ್ಚಿಸಿತು. ಊರಿನವರ ಸಿಟ್ಟು ಸಣ್ಣದಾಗಿರಲಿಲ್ಲ, ಆದರೆ ನೆಲದಡಿಯ ನೀರಿನ ಮಟ್ಟ ಏರಿ ಚಿಲುಮೆಗಳು ಚೇತರಿಸಿಕೊಂಡವು. ಕೊಳವೆಬಾವಿ ಕೊರೆದು ಕೊರೆದು ಕೆರೆ ಬತ್ತಿಸಿದ ನಾಡಿನಿಂದ ಬಂದ ಮೇಷ್ಟ್ರಿಗೆ ಇದನ್ನು ತಪ್ಪದೆ ಹೇಳಿ.

ದಾದಿ ದಮಯಂತಿ
ಸ್ನಾನದ ಬಗ್ಗೆ ಯಾರೂ ಹೇಳಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಕೆರೆಯ ದಂಡೆಯಲ್ಲಿರುವ ಪಾಲಿನೇಷಿಯನ್ ಸ್ಪಾ ಹಳೆಯ ಜಾಗ. ಅಲ್ಲಿನ ಪ್ರೀಸ್ಟ್ ಬುಗ್ಗೆಗೆ ಆ ಹೆಸರು ಬಂದದ್ದು 1878ರಲ್ಲಿ ಅಲ್ಲಿ ಮಿಂದು ತನ್ನ ಸಂಧಿವಾತ ಗುಣವಾಯಿತೆಂದು ಹೇಳಿದ ಪಾದ್ರಿಯೊಬ್ಬರಿಂದ. ಗುಣವಾಗುತ್ತದೆಂದು ನಾನು ಹೇಳಲಾರೆ, ನೋವು ಕೆಲವು ಗಂಟೆ ಹಗುರವಾಗುವುದು ನಿಜ. ಆದರೆ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಬಿಸಿನೀರಿನಲ್ಲಿ ಕುಳಿತಾಗ ರಕ್ತನಾಳಗಳು ಹಿಗ್ಗಿ ಒತ್ತಡ ಇಳಿಯುತ್ತದೆ, ಥಟ್ಟನೆ ಎದ್ದರೆ ಕಣ್ಣು ಕತ್ತಲಿಡುತ್ತದೆ. 38 ಡಿಗ್ರಿಯ ಆಸುಪಾಸಿನ ಕೊಳ ಸಾಕು, 41-42ರದ್ದು ಬೇಡ. ಹತ್ತು ನಿಮಿಷಕ್ಕೊಮ್ಮೆ ಹೊರಬಂದು ನೀರು ಕುಡಿಸಿ, ಏಳುವಾಗ ಕೈ ಹಿಡಿಯಿರಿ, ಊಟವಾದ ಕೂಡಲೆ ಇಳಿಸಬೇಡಿ. ಹೊರಡುವ ಮೊದಲು ಅವರ ವೈದ್ಯರನ್ನು ಕೇಳಿದರೆ ಇನ್ನೂ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾಗಿ, ಈ ಪ್ರದೇಶದ ಯಾವುದೇ ಬಿಸಿ ಕೊಳದಲ್ಲಿ ತಲೆ ಮುಳುಗಿಸಬಾರದು. ಮೂಗಿನ ಮೂಲಕ ಒಳಹೊಕ್ಕು ಮಿದುಳಿಗೆ ಹೋಗುವ ಅಮೀಬಾ ಬಹಳ ಅಪರೂಪ, ಆದರೆ ಬಂದರೆ ಪ್ರಾಣಾಂತಿಕ. ಮೂರು ಮುಳುಗು ಹಾಕದಿದ್ದರೆ ಸ್ನಾನವೇ ಅಲ್ಲ ಎನ್ನುವ ನಮ್ಮವರಿಗೆ ಇದನ್ನು ಒತ್ತಿ ಹೇಳಬೇಕು. ಉಬ್ಬಸ ಇರುವವರು ಹಬೆ ದಟ್ಟವಾಗಿರುವ ತಗ್ಗು ಜಾಗಗಳಲ್ಲಿ ನಿಲ್ಲದಿರುವುದು ಲೇಸು, ಕೋಣೆಯ ಕಿಟಕಿಯನ್ನು ಸ್ವಲ್ಪ ತೆರೆದಿಡುವುದೂ ಲೇಸು.

ಬೆಳ್ಳಿ ಕಾಲುಂಗುರ
ಬೆಳ್ಳಿಯನ್ನು ಕಳಚಿಡಲು ಹೇಳಿ! ನನ್ನ ಅಮ್ಮನ ಕಾಲುಂಗುರ, ಕಾಲ್ಗೆಜ್ಜೆ ಎರಡೂ ಒಂದು ಸ್ನಾನಕ್ಕೆ ಕಾಡಿಗೆಯ ಬಣ್ಣಕ್ಕೆ ತಿರುಗಿದವು. ಯಾರೋ ಬೆಳ್ಳಿಯ ಹೆಸರಿನಲ್ಲಿ ತವರ ಮಾರಿದ್ದಾನೆಂದು ಅವರು ಊರಿನ ಅಕ್ಕಸಾಲಿಗನಿಗೆ ಫೋನ್ ಮಾಡಿ ಬೈದುಬಿಟ್ಟರು, ಪಾಪ, ಅವನು ಅಪ್ಪಟ ಬೆಳ್ಳಿಯನ್ನೇ ಕೊಟ್ಟಿದ್ದ.

ಶಿಲೆ ಮತ್ತು ಸೆಲೆ
ಅಪ್ಪಟವಾಗಿದ್ದುದರಿಂದಲೇ ಕಪ್ಪಾಯಿತು. ಊರಿಗೆಲ್ಲ ಹಬ್ಬಿರುವ ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು, ಅದು ಬೆಳ್ಳಿಯ ಮೇಲೆ ಕಪ್ಪು ಪದರ ಕಟ್ಟುತ್ತದೆ. ವಾಸನೆಗೆ ಮೂಗು ಬೇಗ ಒಗ್ಗಿಹೋಗುತ್ತದೆ, ಬೆಳ್ಳಿ ಒಗ್ಗುವುದಿಲ್ಲ.

ಅತ್ತಿಗೆಯ ತಂಗಿ
ವಿಭೂತಿ ಹಾಕಿ ತಿಕ್ಕಿದರೆ ಹೋಗುತ್ತದೆ.

ಬೆಳ್ಳಿ ಕಾಲುಂಗುರ
ವಿಭೂತಿಯಿಂದ ನಮಗೆ ಹೋಗಲಿಲ್ಲ, ಗೆಜ್ಜೆಯ ಸಂದಿಗಳಲ್ಲಿ ಕಪ್ಪು ಉಳಿಯಿತು. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತೆ ಇಟ್ಟು, ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸುರಿದ ಮೇಲೆ ಸ್ವಚ್ಛವಾಯಿತು.

ನಿಧಾನಿ
ಊಟದ ಮಾತನ್ನೂ ಹೇಳಿಬಿಡುತ್ತೇನೆ. ಸಸ್ಯಾಹಾರಿಗಳಾದರೆ ಹಾಂಗಿ ಊಟಕ್ಕೆ ಮೊದಲೇ ತಿಳಿಸಬೇಕು. ತರಕಾರಿ ಪ್ರತ್ಯೇಕವಾಗಿ ಬೇಯುತ್ತದೆಯೋ ಮಾಂಸದ ಜೊತೆಗೋ ಎಂಬುದನ್ನೂ ಸಂಕೋಚಪಡದೆ ಕೇಳಿ. ಮಧ್ಯಾಹ್ನಕ್ಕೆ ಹಳ್ಳಿಯ ಜೋಳದ ತೆನೆ ಮತ್ತು ನಿಮ್ಮ ಬುತ್ತಿಯ ಚಿತ್ರಾನ್ನ, ಮೊಸರನ್ನ ಇದ್ದರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ಬುತ್ತಿಯನ್ನು ಹಳ್ಳಿಯೊಳಗೆ ಬಿಚ್ಚಬೇಡಿ, ಕೆರೆಯ ದಂಡೆಯ ಮೇಜುಗಳಿಗೆ ಬನ್ನಿ. ಅಲ್ಲಿಂದ ಒಹಿನೆಮುಟು ಎಂಬ ಮಾವೊರಿ ಕೇರಿಯ ಸೇಂಟ್ ಫೇತ್ಸ್ ಚರ್ಚು ಹತ್ತಿರ. ಕಿಟಕಿಯ ಗಾಜಿನಲ್ಲಿ ಮಾವೊರಿ ಮೇಲುವಸ್ತ್ರ ತೊಟ್ಟ ಯೇಸುವಿನ ಚಿತ್ರವನ್ನು ಕೊರೆದಿದ್ದಾರೆ. ಬೆಂಚಿನಲ್ಲಿ ಕುಳಿತು ನೋಡಿದರೆ ಹಿಂದಿನ ನಿಜವಾದ ಕೆರೆಯ ನೀರಿನ ಮೇಲೆ ನಡೆದು ಬರುತ್ತಿರುವಂತೆ ಕಾಣುತ್ತದೆ. ಅದೂ ಜನ ವಾಸಿಸುವ ಕೇರಿ, ಫೋಟೋ ತೆಗೆಯುವ ಮೊದಲು ಕೇಳಿ.

ಇನ್ನೂ ಸಮಯವಿದ್ದರೆ ಗವರ್ನಮೆಂಟ್ ಗಾರ್ಡನ್ಸ್. 1908ರ ಸ್ನಾನಗೃಹದ ಕಟ್ಟಡವನ್ನು ಭೂಕಂಪ ತಾಳುವ ಶಕ್ತಿ ಸಾಲದೆಂದು 2016ರಲ್ಲಿ ಮುಚ್ಚಲಾಯಿತು, ಹೊರಗಿನಿಂದ ನೋಡಿದರೂ ಚೆಂದ. ಅದರ ಹಿಂದಿನ ಸಲ್ಫರ್ ಪಾಯಿಂಟಿನ ದಾರಿ ಪೂರ್ತಿ ಸಮತಟ್ಟು, ನೀರು ಹಾಲಿನ ಬಣ್ಣದ್ದು.

ವರದಾತೀರ
ಹಾಗಾದರೆ ಹೀಗೆ ಮಾಡುತ್ತೇವೆ. ಬೆಳಗ್ಗೆ ಇಬ್ಬನಿ ಕರಗಿದ ಮೇಲೆ ಕುಯಿರಾವು ಪಾರ್ಕ್, ಅಲ್ಲಿ ಅಪ್ಪ ಎಷ್ಟು ಹೊತ್ತು ನಿಲ್ಲಬೇಕೆನ್ನುತ್ತಾರೋ ಅಷ್ಟು ಹೊತ್ತು. ಹನ್ನೊಂದರ ಸುಮಾರಿಗೆ ಫಕರೆವರೆವ ಹಳ್ಳಿ. ಕೆರೆಯ ದಂಡೆಯಲ್ಲಿ ಬುತ್ತಿ, ಚರ್ಚು, ಕೋಣೆಯಲ್ಲಿ ಒಂದು ಗಂಟೆ ವಿಶ್ರಾಂತಿ, ಸಂಜೆ ಸ್ನಾನ. ಅಮ್ಮನ ಕಾಲುಂಗುರಗಳನ್ನು ಆಕ್ಲೆಂಡಿನಲ್ಲೇ ತೆಗೆದಿಡಿಸುತ್ತೇನೆ, ಮಾಂಗಲ್ಯದಲ್ಲಿ ಬೆಳ್ಳಿ ಇಲ್ಲವೆಂದು ಅವರೇ ಮೂರು ಸಲ ಪರೀಕ್ಷಿಸಿದ್ದಾರೆ. ವೈಓಟಾಪು ಬಿಡುವುದಕ್ಕೆ ಬೇಸರವಿದೆ, ಆದರೂ ಬಿಡುತ್ತೇನೆ.

ಶಿಲೆ ಮತ್ತು ಸೆಲೆ
ನನ್ನ ವಿರೋಧವನ್ನು ದಾಖಲಿಸಿಕೊಳ್ಳಿ.

ವರದಾತೀರದ ಮನೆಯವರು
ಪಟ್ಟಿ ಮಾಡಿದ ಅಪರಾಧಿ ನಾನೇ. ಎಲ್ಲರ ತೀರ್ಪಿಗೂ ತಲೆಬಾಗುತ್ತೇನೆ, ಗೊಂಡೋಲಾ ಒಂದನ್ನಾದರೂ ಉಳಿಸಿಕೊಳ್ಳಬಹುದೇ?

ಹ್ಯಾಮಿಲ್ಟನ್ ಹಳಬ
ಧಾರಾಳವಾಗಿ, ಆದರೆ ಆ ದಿನವಲ್ಲ, ಹೊರಡುವ ದಿನ. ಅದು ಊರಿನ ಹೊರಗೆ ಆಕ್ಲೆಂಡಿಗೆ ಹಿಂತಿರುಗುವ ದಾರಿಯಲ್ಲೇ ಇದೆ. ನಡೆಯುವುದೇನೂ ಇಲ್ಲ; ಮೇಲೆ ಹೋಗಿ ಕುಳಿತರೆ ಕೆರೆ, ಮೊಕೊಯಿಯಾ, ಊರು ಎಲ್ಲವೂ ಒಂದೇ ನೋಟಕ್ಕೆ ಸಿಗುವುದರಿಂದ ಆ ಬೋಗುಣಿಯ ಅಂಚನ್ನು ಮೇಷ್ಟ್ರು ಬೆರಳಿನಿಂದಲೇ ಗುರುತಿಸಬಹುದು. ಬೆಳಗ್ಗೆ ಕೆರೆಯ ಮೇಲೆ ಮಂಜು ಕೂತಿದ್ದರೆ ಹತ್ತು ಗಂಟೆಯವರೆಗೆ ಕಾದು ನೋಡಿ, ಆಗಲೂ ಸರಿಯದಿದ್ದರೆ ಟಿಕೆಟ್ ಕೊಳ್ಳದೆ ಮುಂದೆ ಹೊರಡಿ.